‘ಅನ್‌ಫ್ರೆಂಡೆಡ್’ ನೋಡಿ ಮಗಳು ನಕ್ಕಳು, ನನಗೆ ಹೊಟ್ಟೆ ತೊಳಸಿತು. ಇದು ವಿಡಂಬನೆಯಾ?

ಪ್ರಶ್ನೆ: ಸರ್, ನನ್ನ ಮಗಳು ಒಂಬತ್ತನೇ ಕ್ಲಾಸು. ರಜೆಗೆ ಬಂದಿದ್ದ ಅವಳ ಚಿಕ್ಕಮ್ಮನ ಮಗಳ ಜೊತೆ ‘ಅನ್‌ಫ್ರೆಂಡೆಡ್’ ಅನ್ನೋ ಇಂಗ್ಲಿಷ್ ಹಾರರ್ ಸಿನಿಮಾ ನೋಡ್ತಿದ್ದಳು. ನಾನೂ ಕೂತೆ. ಇಡೀ ಸಿನಿಮಾ ಒಂದು ಕಂಪ್ಯೂಟರ್ ಪರದೆಯ ಮೇಲೇ ನಡೆಯುತ್ತೆ. ಆನ್‌ಲೈನ್‌ನಲ್ಲಾದ ಅವಮಾನ ತಾಳಲಾರದೆ ಸತ್ತ ಹುಡುಗಿ ದೆವ್ವವಾಗಿ ಬಂದು ಗೆಳೆಯರನ್ನೆಲ್ಲ ಒಬ್ಬೊಬ್ಬರಾಗಿ ಮುಗಿಸುತ್ತಾಳೆ. ನನಗೆ ಹೊಟ್ಟೆ ತೊಳಸಿದ ಹಾಗಾಯಿತು. ಹುಡುಗಿಯರಿಬ್ಬರೂ ಮಧ್ಯೆ ಮಧ್ಯೆ ನಗ್ತಿದ್ದರು. ಕೇಳಿದರೆ, “ಅಮ್ಮ, ಇದು ಸೋಷಿಯಲ್ ಮೀಡಿಯಾ ಮೇಲಿನ ಸಟೈರ್, ನಿಂಗೆ ಗೊತ್ತಾಗಲ್ಲ” ಅಂದಳು. ನಿಜವಾಗ್ಲೂ ಇದು ವಿಡಂಬನೆಯಾ? ಯಾರ ಮೇಲೆ? ಸತ್ತ ಹುಡುಗಿಯನ್ನೇ ಕೊಲೆಗಾರ್ತಿ ಮಾಡಿದ್ದು ಸರಿಯಾ? ಆರನೇ ಕ್ಲಾಸಿನ ಚಿಕ್ಕವಳೂ ನೋಡ್ತೀನಿ ಅಂತ ಹಟ ಹಿಡಿದಿದ್ದಾಳೆ, ತೋರಿಸಬಹುದಾ?

ಉತ್ತರ: ಇದು ವಿಡಂಬನೆ ಅಂತ ನಿಮ್ಮ ಮಗಳು ಹೇಳಿದ್ದು ಸರಿ. ನಿಮಗೆ ಹೊಟ್ಟೆ ತೊಳಸಿದ್ದೂ ಸರಿ. ಈ ಸಿನಿಮಾ ಎರಡೂ ಕೆಲಸ ಮಾಡುತ್ತದೆ. ಆದರೆ ನನ್ನ ಲೆಕ್ಕದಲ್ಲಿ ಅದರ ವಿಡಂಬನೆ ಇರುವುದು ದೆವ್ವದ ದೃಶ್ಯಗಳಲ್ಲಿ ಅಲ್ಲ. ದೆವ್ವ ಬರುವ ಮುಂಚೆ, ಆ ಮಕ್ಕಳು ಸುಮ್ನೆ ಹರಟೆ ಹೊಡೆಯುವ ಜಾಗಗಳಲ್ಲಿದೆ. ನೀವು ಈಗಾಗಲೇ ನೋಡಿದ್ದೀರಿ, ಹಾಗಾಗಿ ಕಥೆಯನ್ನು ಮುಚ್ಚಿಡದೆ ಬರೆಯುತ್ತೇನೆ. ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸಿ.

ಮೊದಲು ಸಿನಿಮಾದ ಹಿನ್ನೆಲೆ ಸ್ವಲ್ಪ. ಇದು 2014ರ ಅಮೆರಿಕನ್ ಸಿನಿಮಾ. ಆ ವರ್ಷ ಕೆನಡಾದ ಫಾಂಟೇಸಿಯಾ ಚಿತ್ರೋತ್ಸವದಲ್ಲಿ ‘ಸೈಬರ್‌ನ್ಯಾಚುರಲ್’ ಅನ್ನೋ ಹೆಸರಲ್ಲಿ ತೋರಿಸಿದ್ದರು. ಆಮೇಲೆ ಹೆಸರು ಬದಲಾಗಿ 2015ರ ಏಪ್ರಿಲ್‌ನಲ್ಲಿ ಥಿಯೇಟರಿಗೆ ಬಂತು. ಖರ್ಚಾಗಿದ್ದು ಸುಮಾರು 10 ಲಕ್ಷ ಡಾಲರ್, ಬಂದಿದ್ದು 6 ಕೋಟಿ ಡಾಲರ್‌ಗೂ ಜಾಸ್ತಿ. ನಿರ್ದೇಶಕ ಲೆವಾನ್ ಗಾಬ್ರಿಯಾಡ್ಜೆ ಜಾರ್ಜಿಯಾ ದೇಶದವರು. ಅವರ ತಂದೆ ರೆಜೊ ಗಾಬ್ರಿಯಾಡ್ಜೆ ತ್ಬಿಲಿಸಿಯಲ್ಲಿ ಗೊಂಬೆಯಾಟದ ರಂಗಮಂದಿರ ನಡೆಸಿದ ದೊಡ್ಡ ಕಲಾವಿದರು. ಕೈ ಕಾಣಿಸದೆ ಗೊಂಬೆ ಆಡಿಸುವ ಮನೆಯಿಂದ ಬಂದವರು, ಮುಖ ಕಾಣಿಸದ ಒಂದು ಬಾಣದ ಗುರುತಿನಿಂದ (ಪರದೆಯ ಮೇಲೆ ಓಡಾಡುವ ಮೌಸ್‌ನ ಬಾಣ) ಇಡೀ ಸಿನಿಮಾ ಆಡಿಸಿದ್ದಾರೆ. ಇದು ಕಾಕತಾಳೀಯವೇ ಇರಬಹುದು, ಆದರೂ ನನಗೆ ಇಷ್ಟದ ಸಂಗತಿ. ನಿರ್ಮಾಪಕರಲ್ಲಿ ಒಬ್ಬರು ತಿಮೂರ್ ಬೆಕ್ಮಾಂಬೆಟೊವ್. ಕಂಪ್ಯೂಟರ್ ಪರದೆಯ ಮೇಲೇ ಕಥೆ ಹೇಳುವ ಈ ಬಗೆಗೆ ‘ಸ್ಕ್ರೀನ್‌ಲೈಫ್’ ಅಂತ ಹೆಸರಿಟ್ಟು ಬೆಳೆಸಿದವರು ಅವರೇ.

ಚಿತ್ರೀಕರಣವೂ ಬೇರೆ ಥರ. ನಟರನ್ನು ಒಂದೇ ಮನೆಯ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಕಂಪ್ಯೂಟರ್ ಮೂಲಕ ಮಾತ್ರ ಒಬ್ಬರಿಗೊಬ್ಬರು ಕಾಣುವ ಹಾಗೆ ಮಾಡಿ, ಉದ್ದುದ್ದ ಟೇಕುಗಳಲ್ಲಿ ತೆಗೆದರು. ಐದಾರು ಜನ ಒಟ್ಟಿಗೆ ಕಿರುಚುವಾಗ ಯಾರ ಮಾತೂ ಸರಿಯಾಗಿ ಕೇಳಲ್ಲ, ಅಲ್ವಾ? ನಿಜವಾದ ಗ್ರೂಪ್ ಕಾಲ್ ಹಾಗೇ ಇರುತ್ತದೆ.

ಇನ್ನು ಕಥೆ. ಕ್ಯಾಲಿಫೋರ್ನಿಯಾದ ಫ್ರೆಸ್ನೋ ಊರು. ಲಾರಾ ಬಾರ್ನ್ಸ್ ಅನ್ನೋ ಹುಡುಗಿ ಪಾರ್ಟಿಯೊಂದರಲ್ಲಿ ಕುಡಿದು ಮೈಮೇಲೆ ಪ್ರಜ್ಞೆಯಿಲ್ಲದೆ ಬಿದ್ದಿದ್ದನ್ನು ಯಾರೋ ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕುತ್ತಾರೆ. ವಿಡಿಯೋದ ಹೆಸರೇ ಅವಳಿಗೆ ಸಾಯಿ ಅಂತ ಹೇಳುತ್ತದೆ. ಅವಳು ಸಾಯುತ್ತಾಳೆ. ಸರಿಯಾಗಿ ಒಂದು ವರ್ಷದ ನಂತರ ಬ್ಲೇರ್ ಅನ್ನೋ ಹುಡುಗಿಯ ಲ್ಯಾಪ್‌ಟಾಪ್ ಮುಂದೆ ನಾವು ಕೂತಿರುತ್ತೇವೆ. ಬ್ಲೇರ್, ಅವಳ ಬಾಯ್‌ಫ್ರೆಂಡ್ ಮಿಚ್, ಗೆಳೆಯರಾದ ಜೆಸ್, ಆ್ಯಡಮ್, ಕೆನ್, ಆಮೇಲೆ ವ್ಯಾಲ್, ಎಲ್ಲ ಸ್ಕೈಪ್ ವಿಡಿಯೋ ಕಾಲ್‌ನಲ್ಲಿ. ಅದರಲ್ಲಿ ಫೋಟೋ ಇಲ್ಲದ ಒಂದು ಖಾತೆಯೂ ಸೇರಿಕೊಂಡಿದೆ. ಎಷ್ಟು ಸಲ ಕಾಲ್ ಕಟ್ ಮಾಡಿದರೂ ಅದು ಹೋಗಲ್ಲ.

ಸಿನಿಮಾದ ಮೊದಲ ಕೆಲವು ನಿಮಿಷ ನೆನಪಿಸಿಕೊಳ್ಳಿ. ಬ್ಲೇರ್ ಏನು ಮಾಡುತ್ತಿದ್ದಳು? ಸತ್ತ ಗೆಳತಿಯ ಕೊನೆಯ ಕ್ಷಣದ ವಿಡಿಯೋ ನೋಡುತ್ತಿದ್ದಳು. ಅದು ಮುಗಿದ ತಕ್ಷಣ ಆ ಅವಮಾನದ ವಿಡಿಯೋದ ಮೇಲೆ ಕ್ಲಿಕ್ ಮಾಡುತ್ತಾಳೆ. ಅಷ್ಟರಲ್ಲಿ ಮಿಚ್ ಕಾಲ್ ಬರುತ್ತದೆ, ಎಲ್ಲ ಮುಚ್ಚಿಟ್ಟು ನಗುತ್ತಾ ಮಾತಾಡುತ್ತಾಳೆ. ಅಳುವುದಿಲ್ಲ. ಗಾಬರಿಯೂ ಇಲ್ಲ. ಆ ವಿಡಿಯೋದ ಕೌಂಟ್ ಏರಿಸಿದವರಲ್ಲಿ ಅವಳೂ ಒಬ್ಬಳು. ಆ ಕ್ಲಿಕ್‌ಗಾಗಿ ಕಾಯುತ್ತಾ ಕೂತಿದ್ದ ನಾವೂ ಅಷ್ಟೇ. ನನ್ನನ್ನು ಕೇಳಿದರೆ ಇಡೀ ಸಿನಿಮಾದಲ್ಲಿ ಎಲ್ಲಕ್ಕಿಂತ ಚೂಪಾದ ಜಾಗ ಇದು. ರಕ್ತ ಇಲ್ಲ, ದೆವ್ವ ಇಲ್ಲ.

ಎರಡನೆಯದು ಟೈಪಿಂಗ್. ಬ್ಲೇರ್ ಒಂದು ಸಾಲು ಬರೆಯುತ್ತಾಳೆ, ನಿಲ್ಲಿಸುತ್ತಾಳೆ, ಅಳಿಸುತ್ತಾಳೆ, ಅದಕ್ಕಿಂತ ಸಪ್ಪೆಯಾದ ಇನ್ನೊಂದು ಸಾಲು ಬರೆದು ಕಳಿಸುತ್ತಾಳೆ. ಆ ಕಡೆಯವರಿಗೆ ಎರಡನೆಯ ಸಾಲು ಮಾತ್ರ ಕಾಣುತ್ತದೆ. ನಮಗೆ ಎರಡೂ ಕಾಣುತ್ತವೆ. ನಾಟಕದಲ್ಲಿ ಪಾತ್ರವೊಂದು ಪ್ರೇಕ್ಷಕರ ಕಡೆ ತಿರುಗಿ ಮನಸ್ಸಿನ ಮಾತು ಹೇಳುತ್ತದಲ್ಲ, ಆ ಕೆಲಸವನ್ನು ಇಲ್ಲಿ ಬ್ಯಾಕ್‌ಸ್ಪೇಸ್ ಮಾಡುತ್ತದೆ. ಶೆಲ್ಲಿ ಹೆನ್ನಿಗ್ ಅನ್ನೋ ನಟಿ ಚೆನ್ನಾಗಿಯೇ ಮಾಡಿದ್ದಾಳೆ. ಆದರೆ ಬ್ಲೇರ್ ಎಂಥವಳು ಅಂತ ನಮಗೆ ಗೊತ್ತಾಗುವುದು ಅವಳ ಮುಖದಿಂದ ಅಲ್ಲ, ಬಾಣದ ಗುರುತು ಎಲ್ಲಿ ತಡೆಯುತ್ತದೆ, ಎಲ್ಲಿ ಓಡುತ್ತದೆ ಅನ್ನುವುದರಿಂದ. ಹುಡುಗಿಯರು ನಕ್ಕಿದ್ದು ಇಂಥ ಕಡೆಯೇ ಇರಬೇಕು. ಅವರು ದಿನಾ ಮಾಡುವುದನ್ನು ಯಾರೋ ಕದ್ದು ನೋಡಿ ತೋರಿಸಿದ ಹಾಗಿದೆ. ಸಿಕ್ಕಿಬಿದ್ದಾಗ ಬರುವ ನಗು ಅದು.

ವ್ಯಾಲ್ ಸಾಯುವ ದೃಶ್ಯ ನೋಡಿ. ಅವಳ ಚಿತ್ರ ಅಲುಗಾಡದೆ ನಿಂತುಬಿಡುತ್ತದೆ. ನೆಟ್‌ವರ್ಕ್ ಹ್ಯಾಂಗ್ ಆಯಿತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾವೂ ಅಂದುಕೊಳ್ಳುತ್ತೇವೆ. ಆಮೇಲೆ ಅದೇ ಚೌಕದೊಳಗೆ ಬೇರೇನೋ ಕದಲುತ್ತದೆ. ಅಂದರೆ ವಿಡಿಯೋ ಓಡುತ್ತಲೇ ಇದೆ, ಹುಡುಗಿ ಮಾತ್ರ ಕದಲುತ್ತಿಲ್ಲ. ಕೆಟ್ಟ ಇಂಟರ್‌ನೆಟ್‌ನ ಕಿರಿಕಿರಿಯನ್ನೇ ಇಷ್ಟು ಚೆನ್ನಾಗಿ ಹೆದರಿಸಲು ಬಳಸಿದವರು ಅಪರೂಪ. ಆಗಾಗ ತಿರುಗುವ ಬಣ್ಣದ ಚಕ್ರ, ಒಡೆದ ಚಿತ್ರ, ಸ್ಕೈಪ್‌ನ ಆ ರಿಂಗು, ಎಲ್ಲವೂ ಅಷ್ಟೇ. ಶುರುವಿನಲ್ಲಿ ಬರುವ ಯೂನಿವರ್ಸಲ್ ಸ್ಟುಡಿಯೋದ ಲಾಂಛನವನ್ನೂ ಕೆಟ್ಟುಹೋದ ಫೈಲ್ ಥರ ಒಡೆದು ತೋರಿಸಿದ್ದಾರೆ. ಅಂದ ಹಾಗೆ, ಸ್ಕೈಪ್ 2025ರ ಮೇನಲ್ಲಿ ಬಾಗಿಲು ಹಾಕಿಕೊಂಡಿತು. ಇನ್ನು ಹತ್ತು ವರ್ಷಕ್ಕೆ ಈ ಸಿನಿಮಾ ನೋಡುವ ಮಕ್ಕಳಿಗೆ ಅದೂ ಗ್ರಾಮಫೋನ್ ಕಾಲದ ಕಥೆಯೇ.

ದೆವ್ವದ ನಿಯಮ ಮಾತ್ರ ತುಂಬಾ ಹಳೆಯದು. ಬ್ಲೇರ್ ಒಂದು ಕಡೆ ಓದುತ್ತಾಳೆ: ಸತ್ತವರಿಂದ ಮೆಸೇಜ್ ಬಂದರೆ ಉತ್ತರ ಕೊಡಬಾರದು. ನಿಮ್ಮ ವಯಸ್ಸಿನವರಿಗೆ 1990ರ ದಶಕದ ‘ನಾಳೆ ಬಾ’ ನೆನಪಿರಬೇಕು. ದೆವ್ವ ಗೊತ್ತಿರುವವರ ದನಿಯಲ್ಲಿ ಬಾಗಿಲ ಹೊರಗೆ ನಿಂತು ಕರೆಯುತ್ತದೆ, ಓಗೊಟ್ಟರೆ ಮುಗೀತು ಅಂತ ಬೆಂಗಳೂರಲ್ಲೂ ಹಳ್ಳಿಗಳಲ್ಲೂ ಜನ ಬಾಗಿಲ ಮೇಲೆ ಸುಣ್ಣದಲ್ಲೋ ಸೀಮೆಸುಣ್ಣದಲ್ಲೋ ಬರೆದಿಟ್ಟಿದ್ದರು. ಲಾರಾಳ ಹಳೇ ಫೇಸ್‌ಬುಕ್ ಖಾತೆಯಿಂದ ಬರುವ ಮೆಸೇಜು ಅದೇ ಕರೆ. ಬ್ಲೇರ್‌ಗೆ ನಾಳೆ ಬಾ ಅನ್ನಲು ಬಾಗಿಲಿಲ್ಲ, ಅಷ್ಟೇ ವ್ಯತ್ಯಾಸ.

ಈಗ ನಿಮ್ಮ ಎರಡನೇ ಪ್ರಶ್ನೆ. ವಿಡಂಬನೆ ಯಾರ ಮೇಲೆ?

ಸೋಷಿಯಲ್ ಮೀಡಿಯಾ ಮೇಲೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಯೂಟ್ಯೂಬ್, ಫೇಸ್‌ಬುಕ್, ಜಿಮೇಲ್, ಗುರುತಿಲ್ಲದವರ ಜೊತೆ ವಿಡಿಯೋ ಹರಟೆಗೆ ಕೂರಿಸುವ ಚಾಟ್‌ರೂಲೆಟ್, ಎಲ್ಲವನ್ನೂ ಅವುಗಳ ನಿಜವಾದ ಹೆಸರಲ್ಲೇ ಬಳಸಿದ್ದಾರೆ. ಆದರೆ ಆ ಕಂಪನಿಗಳ ಮೇಲೆ ಸಿನಿಮಾಗೆ ಅಂಥ ಸಿಟ್ಟೇನೂ ಇಲ್ಲ. ಅದರ ಸಿಟ್ಟು ಇರುವುದು ‘ನಾನು ಒಳ್ಳೆಯವಳು’ ಅನ್ನುವ ನಂಬಿಕೆಯ ಮೇಲೆ. ಮಧ್ಯದಲ್ಲಿ ದೆವ್ವ ಒಂದು ಆಟ ಆಡಿಸುತ್ತದಲ್ಲ, ‘ನಾನು ಯಾವತ್ತೂ ಇದನ್ನು ಮಾಡಿಲ್ಲ’ ಅಂತ ಒಬ್ಬರು ಹೇಳಬೇಕು, ಮಾಡಿದವರು ಒಂದು ಬೆರಳು ಮಡಚಬೇಕು. ಅಮೆರಿಕದಲ್ಲಿ ಹುಡುಗ ಹುಡುಗಿಯರು ಪಾರ್ಟಿಯಲ್ಲಿ ಆಡುವ ಮಾಮೂಲಿ ಆಟ. ಇಲ್ಲಿ ಸೋತವರು ಸಾಯುತ್ತಾರೆ. ಜೆಸ್ ತನ್ನ ಬಗ್ಗೆ ಸುಳ್ಳು ಸುದ್ದಿ ಹಬ್ಬಿಸಿದ್ದಳು ಅಂತ ಬ್ಲೇರ್‌ಗೆ ಗೊತ್ತಾಗುತ್ತದೆ. ಬ್ಲೇರ್ ಮಿಚ್‌ಗೆ ಮೋಸ ಮಾಡಿ ಆ್ಯಡಮ್ ಜೊತೆ ಇದ್ದಳು ಅನ್ನೋದೂ ಹೊರಗೆ ಬರುತ್ತದೆ. ಹತ್ತು ನಿಮಿಷದ ಹಿಂದೆ ‘ಬೆಸ್ಟೀ’ ಆಗಿದ್ದವರು ಒಬ್ಬರ ಬೆರಳು ಇನ್ನೊಬ್ಬರು ಮಡಚಿಸಲು ಗುಟ್ಟು ಬಿಚ್ಚುತ್ತಾರೆ. ಲಾರಾ ಅವರಿಗೆ ಹೊಸದೇನೂ ಮಾಡಿಸುತ್ತಿಲ್ಲ. ಪ್ರತಿದಿನ ಬೆನ್ನ ಹಿಂದೆ ಮಾಡುತ್ತಿದ್ದುದನ್ನು ಮುಖದ ಮುಂದೆ ಮಾಡಿಸುತ್ತಾಳೆ.

ಇದೇ ಆಟದ ನಡುವೆ ಪ್ರಿಂಟರ್‌ನಿಂದ ಹೊರಬರುವ ಎರಡು ಚೀಟಿ ಗಮನಿಸಿದಿರಾ? ಬ್ಲೇರ್ ಹತ್ತಿರ ಒಂದು, ಆ್ಯಡಮ್ ಹತ್ತಿರ ಒಂದು. ಏನಿದೆ ತೋರಿಸು ಅಂತ ಮಿಚ್ ಪಟ್ಟು ಹಿಡಿಯುತ್ತಾನೆ. ತೋರಿಸದಿದ್ದರೆ ಕಾಲ್ ಬಿಟ್ಟು ಹೋಗ್ತೀನಿ ಅಂತಾನೆ. ಬ್ಲೇರ್ ತೋರಿಸುತ್ತಾಳೆ. ಅದರಲ್ಲಿದ್ದದ್ದು: ಈ ಚೀಟಿ ತೋರಿಸಿದರೆ ಆ್ಯಡಮ್ ಸಾಯುತ್ತಾನೆ. ಆ್ಯಡಮ್ ಚೀಟಿಯಲ್ಲಿ ಬ್ಲೇರ್ ಹೆಸರಿತ್ತು, ಅವನು ತೋರಿಸಿರಲಿಲ್ಲ. ಎಲ್ಲರಿಗಿಂತ ಒರಟ ಅಂತ ಕಂಡವನು ಸುಮ್ಮನಿದ್ದ. ಎಲ್ಲರಿಗಿಂತ ಪಾಪದವಳು ಅಂತ ಕಂಡವಳು ಬಾಯ್‌ಫ್ರೆಂಡ್ ಬಿಟ್ಟು ಹೋಗದಿರಲಿ ಅಂತ ಒಂದು ಜೀವ ಕೊಟ್ಟಳು. ಚಿತ್ರಕಥೆ ಬರೆದ ನೆಲ್ಸನ್ ಗ್ರೀವ್ಸ್ ಅವರ ಒಳ್ಳೆಯ ಕೆಲಸ ಇದು. ಭಾಷಣ ಇಲ್ಲದೆ ಬ್ಲೇರ್‌ಳ ಜಾತಕ ಬಿಚ್ಚಿದ್ದಾರೆ.

ಕೊನೆಗೆ ಆ ವಿಡಿಯೋದ ಪೂರ್ತಿ ಭಾಗ ಹೊರಬರುತ್ತದೆ. ಹಾಕಿದವನು ಮಿಚ್. ಕ್ಯಾಮೆರಾ ಹಿಡಿದು ನಗುತ್ತಿದ್ದವಳು ಬ್ಲೇರ್. ಲಾರಾಳ ಬಾಲ್ಯದ ಗೆಳತಿ. ತಕ್ಷಣ ಫೇಸ್‌ಬುಕ್‌ನಲ್ಲಿ ಕಾಮೆಂಟುಗಳ ಮಳೆ. ಎಲ್ಲರೂ ಈಗ ಬ್ಲೇರ್ ಮೇಲೆ ಮುಗಿಬೀಳುತ್ತಾರೆ. ಭಾಷೆ ಅದೇ, ಹುಡುಗಿ ಬೇರೆ. ಲಾರಾಳನ್ನು ಅಣಕಿಸಿದ ಗುಂಪೂ ಲಾರಾ ಪರ ನ್ಯಾಯ ಕೇಳುವ ಗುಂಪೂ ಒಂದೇ.

ಮೂರನೇ ಪ್ರಶ್ನೆಗೆ ಬರುತ್ತೇನೆ. ಸತ್ತ ಹುಡುಗಿಯನ್ನೇ ಕೊಲೆಗಾರ್ತಿ ಮಾಡಿದ್ದು ಸರಿಯಾ? ಇಲ್ಲಿ ನಾನು ನಿಮ್ಮ ಕಡೆ. ಅನ್ಯಾಯವಾದ ಹೆಣ್ಣು ಸೇಡಿಗೆ ಮರಳುವುದು ಹಾರರ್‌ನ ಹಳೇ ದಾರಿ. 1976ರ ‘ಕ್ಯಾರಿ’ ಸಿನಿಮಾದಲ್ಲೂ ಶಾಲೆಯ ಹುಡುಗಿಯರು ಒಬ್ಬಳನ್ನು ಗೋಳುಹೊಯ್ದುಕೊಂಡು, ಕೊನೆಗೆ ಎಲ್ಲರೆದುರು ಅವಳ ಮೇಲೆ ಹಂದಿಯ ರಕ್ತ ಸುರಿಸುತ್ತಾರೆ. ಅವಳು ತಿರುಗಿಬಿದ್ದಾಗ ಊರೇ ನಡುಗುತ್ತದೆ. ಆದರೆ ಅಲ್ಲಿ ನಾವು ಕ್ಯಾರಿ ಜೊತೆ ಅವಳ ಮನೆಯಲ್ಲಿ ಇದ್ದೆವು, ಅವಳ ತಾಯಿಯನ್ನು ಕಂಡೆವು, ಪ್ರಾಮ್‌ಗೆ, ಅಂದರೆ ಶಾಲೆಯ ನೃತ್ಯಕೂಟಕ್ಕೆ, ಅವಳು ಬಟ್ಟೆ ಹೊಲಿದುಕೊಳ್ಳುವುದನ್ನು ನೋಡಿದೆವು. ಇಲ್ಲಿ ಲಾರಾ ಯಾರು? ಒಂದು ವಿಡಿಯೋ, ಕೆಲವು ಫೋಟೋ, ಆಮೇಲೆ ದೆವ್ವ. ಅವಳ ಪಾಡೇನಿತ್ತು ಅಂತ ನಮಗೆ ತಿಳಿಯುವುದೇ ಇಲ್ಲ. ಕಾಟ ಕೊಟ್ಟವಳ ಕುರ್ಚಿಯಲ್ಲಿ ನಮ್ಮನ್ನು ಕೂರಿಸಿದ್ದು ಜಾಣತನ. ಅದರ ಬೆಲೆ ಕೊಟ್ಟವಳು ಮಾತ್ರ ಲಾರಾ. ಪಾಪ, ಸತ್ತ ಮೇಲೂ ಅವಳ ಕಥೆ ಅವಳದಾಗಲಿಲ್ಲ.

ಜೆಸ್ ಸತ್ತ ತಕ್ಷಣ ಅವಳ ಹೆಸರಲ್ಲೇ ಒಂದು ಮೀಮ್ ಬರುತ್ತದೆ, ಕೊನೆಗೂ ಬಾಯಿ ಮುಚ್ಚಿದಳು ಅಂತ. ಲಾರಾಳನ್ನು ಕೊಂದವರ ಭಾಷೆಯೇ ಲಾರಾ ಬಾಯಲ್ಲಿ. ಇದನ್ನು ವಿಡಂಬನೆ ಅಂತ ಮೆಚ್ಚಿದ ವಿಮರ್ಶಕರಿದ್ದಾರೆ. ಒಪ್ಪಬಹುದು. ಆದರೆ ಒಂದಾದ ಮೇಲೆ ಒಂದು ಸಾವು ಬಂದಂತೆಲ್ಲ ಸಿನಿಮಾವೇ ಆ ಮೀಮ್‌ನ ರುಚಿ ಹತ್ತಿಸಿಕೊಂಡ ಹಾಗಿದೆ. ಕೆನ್ ಮಿಕ್ಸಿಯಿಂದ ಸಾಯುವ ದೃಶ್ಯಕ್ಕೆ ಬೇರೆ ಕಾರಣ ನನಗಂತೂ ಹೊಳೆಯಲ್ಲ. ನೀವು ಎದ್ದು ಹೋಗಿದ್ದರೂ ಏನೂ ಕಳೆದುಕೊಳ್ಳುತ್ತಿರಲಿಲ್ಲ.

ಇನ್ನೊಂದು ಕೊರತೆ ದೊಡ್ಡದು. ಈ 83 ನಿಮಿಷದಲ್ಲಿ ಯಾರ ಅಪ್ಪ ಅಮ್ಮನಾದರೂ ಮಾತಾಡಲು ಬಂದರಾ? ಮೇಷ್ಟ್ರು? ಇಲ್ಲ. ಎಲ್ಲ ತಪ್ಪೂ ಹದಿಹರೆಯದವರದ್ದೇ ಅನ್ನೋ ಹಾಗೆ ಕಥೆ ಕಟ್ಟಿದ್ದಾರೆ. ನಿಜ ಜೀವನ ಹಾಗಿಲ್ಲ. ಕೆನಡಾದ ಅಮಾಂಡಾ ಟಾಡ್ ಪ್ರಕರಣ ನೀವು ಕೇಳಿರಬಹುದು. 15 ವರ್ಷದ ಹುಡುಗಿ, 2012ರಲ್ಲಿ ತನ್ನ ಕಷ್ಟವನ್ನು ಚೀಟಿಗಳ ಮೇಲೆ ಬರೆದು, ಒಂದೊಂದಾಗಿ ತೋರಿಸಿ ಯೂಟ್ಯೂಬ್ ವಿಡಿಯೋ ಮಾಡಿದಳು. ಮರುತಿಂಗಳೇ ತೀರಿಕೊಂಡಳು. ಶಾಲೆಯಲ್ಲಿ ಕಾಟ ಕೊಟ್ಟ ಮಕ್ಕಳಿದ್ದರು, ನಿಜ. ಆದರೆ ಫೋಟೋ ಇಟ್ಟುಕೊಂಡು ಅವಳನ್ನು ಬೆದರಿಸುತ್ತಿದ್ದವನು ನೆದರ್ಲೆಂಡ್ಸ್‌ನಲ್ಲಿ ಕೂತಿದ್ದ ದೊಡ್ಡ ಗಂಡಸು. ಹತ್ತು ವರ್ಷದ ಮೇಲೆ, 2022ರಲ್ಲಿ, ಕೆನಡಾದ ಕೋರ್ಟು ಅವನಿಗೆ 13 ವರ್ಷ ಜೈಲು ಹಾಕಿತು. ಹುಡುಗಿಯರು ಹುಡುಗಿಯರಿಗೇ ಶತ್ರು ಅನ್ನುವ ಸುಲಭದ ಕಥೆಯಲ್ಲಿ ಇಂಥವರು ಮರೆಯಾಗಿಬಿಡುತ್ತಾರೆ.

ದೊಡ್ಡವರನ್ನು ಕಥೆಯೊಳಗೆ ಎಳೆದು ತಂದ ಸಿನಿಮಾ ಬೇಕೆಂದರೆ 2015ರಲ್ಲೇ ಬಂದ ‘ಹ್ಯಾಷ್‌ಟ್ಯಾಗ್ ಹಾರರ್’ ಇದೆ. ನಿರ್ದೇಶಕಿ ಟಾರಾ ಸಬ್ಕಾಫ್, ಅವರ ಮೊದಲ ಸಿನಿಮಾ. ಕನೆಕ್ಟಿಕಟ್‌ನಲ್ಲಿ ಹಿಮ ಬಿದ್ದ ಚಳಿಗಾಲ, ಗಾಜಿನ ಗೋಡೆಯ ಸಿರಿವಂತರ ಮನೆ, ಅಲ್ಲಿ ರಾತ್ರಿ ಉಳಿಯಲು ಬಂದ 12 ವರ್ಷದ ಹುಡುಗಿಯರು. ಒಬ್ಬರಿಗೊಬ್ಬರು ಆಡುವ ಚುಚ್ಚುಮಾತು, ಹಾಕುವ ಫೋಟೋ, ಎಲ್ಲವೂ ಬಣ್ಣಬಣ್ಣದ ಮೊಬೈಲ್ ಗೇಮ್ ಥರ ಪರದೆ ಮೇಲೆ ಪಾಯಿಂಟ್ ಆಗಿ ಸಿಡಿಯುತ್ತದೆ. ದೊಡ್ಡವರಿದ್ದೂ ಇಲ್ಲದ ಹಾಗೆ. ವಿಷಯಕ್ಕೆ ಇದು ‘ಅನ್‌ಫ್ರೆಂಡೆಡ್’ಗಿಂತ ಹತ್ತಿರ. ಸಿನಿಮಾವಾಗಿ ಮಾತ್ರ ಅಷ್ಟು ಗಟ್ಟಿಯಿಲ್ಲ, ಚೆಲ್ಲಾಪಿಲ್ಲಿ. ಮಕ್ಕಳು ಫೋನುಗಳನ್ನೆಲ್ಲ ತಿಜೋರಿಗೆ ಹಾಕಿ ಬೀಗ ಹಾಕುವ ಭಾಗ ಮಾತ್ರ ಮನಸ್ಸಲ್ಲಿ ನಿಲ್ಲುತ್ತದೆ. ಫೋನ್ ಹೋದ ಮೇಲೆ ಇವರು ಒಳ್ಳೆಯವರಾಗುತ್ತಾರೆ ಅಂತ ನಾವು ಕಾಯುತ್ತೇವೆ. ಆಗುವುದಿಲ್ಲ.

ಮಗಳ ನಗುವಿನ ಬಗ್ಗೆ ಒಂದು ಮಾತು. ಅವಳು ನಕ್ಕಳು ಅಂತ ಕಲ್ಲುಮನಸ್ಸಿನವಳು ಅಂದುಕೊಳ್ಳಬೇಡಿ. ಭಯ ಆದಾಗ ನಗುವುದು ಹಾರರ್ ನೋಡುವವರೆಲ್ಲ ಮಾಡುವ ಕೆಲಸ, ಅದರಲ್ಲೂ ಜೊತೆಗೆ ಒಬ್ಬರಿದ್ದರೆ ಜಾಸ್ತಿ. ನೀವು ಮಾತಾಡಬೇಕೆಂದರೆ ‘ಸೈಬರ್ ಬುಲ್ಲಿಯಿಂಗ್ ತಪ್ಪು’ ಅಂತ ಶುರು ಮಾಡಬೇಡಿ, ಅವಳಿಗೆ ಅದು ಗೊತ್ತಿದೆ. ಆ ಎರಡು ಚೀಟಿಯ ಬಗ್ಗೆ ಕೇಳಿ. ನೀನಾಗಿದ್ದರೆ ತೋರಿಸ್ತಿದ್ದೆಯಾ ಅಂತ. ಅಥವಾ ಬ್ಲೇರ್ ಅಳಿಸಿದ ಸಾಲುಗಳ ಬಗ್ಗೆ ಕೇಳಿ. ಅವಳ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿನ ಕಥೆ ತಾನಾಗಿ ಹೊರಬಂದರೂ ಬರಬಹುದು.

ಹಾಗೆ ಬಂದದ್ದು ಸುಮ್ಮನೆ ಬಿಡುವಂಥದ್ದಲ್ಲ ಅನ್ನಿಸಿದರೆ, ಮೆಸೇಜು ಅಳಿಸುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಡಿ. ಸೈಬರ್ ಅಪರಾಧದ ಸಹಾಯವಾಣಿ 1930, ಮಕ್ಕಳ ಸಹಾಯವಾಣಿ 1098. ಮನಸ್ಸು ಕುಗ್ಗಿದ್ದರೆ, ಸಾಯುವ ಮಾತು ಬಂದರೆ, ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿಗಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನು ಚಿಕ್ಕವಳು. ಬೇಡ. ಅಮೆರಿಕದಲ್ಲೇ ಇದಕ್ಕೆ ‘ಆರ್’ ಸರ್ಟಿಫಿಕೇಟು, ಅಂದರೆ 17 ತುಂಬದವರು ದೊಡ್ಡವರ ಜೊತೆಗೇ ಥಿಯೇಟರಿಗೆ ಹೋಗಬೇಕು. ಬ್ರಿಟನ್‌ನಲ್ಲಿ 15ಕ್ಕಿಂತ ಕೆಳಗಿನವರಿಗೆ ಇಲ್ಲ. ಆ ಲೆಕ್ಕದಲ್ಲಿ ದೊಡ್ಡವಳಿಗೂ ಸ್ವಲ್ಪ ಬೇಗವೇ ಆಯಿತು. ಬೈಗುಳ, ರಕ್ತ ಬಿಡಿ, ನನಗೆ ಅದಕ್ಕಿಂತ ಹೆಚ್ಚು ಅಳುಕು ಬೇರೆಯದು. ಸತ್ತ ಮೇಲೆ ಎಲ್ಲರಿಗೂ ಬುದ್ಧಿ ಕಲಿಸಬಹುದು ಅನ್ನುವ ಕಲ್ಪನೆಯ ಮೇಲೆ ಈ ಕಥೆ ನಿಂತಿದೆ. ಒಂಬತ್ತನೇ ಕ್ಲಾಸಿನವಳು ಅದನ್ನು ಕಥೆ ಅಂತ ದೂರ ಇಟ್ಟು ನೋಡಬಲ್ಲಳು. ಆರನೇ ಕ್ಲಾಸಿನವಳು, ಅದರಲ್ಲೂ ಗೆಳತಿಯರ ಜೊತೆ ಜಗಳವಾಡಿಕೊಂಡ ವಾರದಲ್ಲಿ, ಹೇಗೆ ತೆಗೆದುಕೊಳ್ಳುತ್ತಾಳೋ ಹೇಳಲಾಗದು.

ಅಕ್ಕ ನೋಡಿದ್ದನ್ನು ತಾನೂ ನೋಡಬೇಕು ಅನ್ನುವುದಷ್ಟೇ ಅವಳ ಹಟವಾದರೆ, ಇದೇ ಥರ ಪರದೆಯ ಮೇಲೇ ನಡೆಯುವ ‘ಸರ್ಚಿಂಗ್’ ತೋರಿಸಿ. 2018ರದ್ದು, ನಿರ್ದೇಶಕ ಭಾರತೀಯ ಮೂಲದ ಅನೀಶ್ ಚಗಂಟಿ, ಇದಕ್ಕೂ ಬೆಕ್ಮಾಂಬೆಟೊವ್ ಅವರೇ ಒಬ್ಬ ನಿರ್ಮಾಪಕರು. ಕಾಣೆಯಾದ ಹದಿನಾರರ ಮಗಳನ್ನು ಅಪ್ಪ ಅವಳ ಲ್ಯಾಪ್‌ಟಾಪ್ ಒಳಗೇ ಹುಡುಕುವ ಕಥೆ. ಇದರಲ್ಲಿ ದೆವ್ವವಿಲ್ಲ, ಆದರೆ ಆತಂಕ ಇದೆ, ಆದ್ದರಿಂದ ನೀವು ಜೊತೆಗಿರಿ. ನಿಮಗೆ ಈ ಬಗೆಯ ಸಿನಿಮಾ ಹಿಡಿಸಿದರೆ, ಮಕ್ಕಳು ಮಲಗಿದ ಮೇಲೆ ಮಲಯಾಳಂನ ‘ಸೀ ಯೂ ಸೂನ್’ ನೋಡಿ. ಮಹೇಶ್ ನಾರಾಯಣನ್ 2020ರ ಲಾಕ್‌ಡೌನ್‌ನಲ್ಲಿ ಫಹಾದ್ ಫಾಸಿಲ್ ಅವರನ್ನಿಟ್ಟುಕೊಂಡು ಮಾಡಿದ್ದು.